ಜಾಮ್ ಆದ ಬ್ರೇಕ್ ಬಿಡಿಸಲು ಹೊರಟವರು ಮೊದಲು ಪೈಪ್ ಬಿಚ್ಚಬಾರದು, ಯಾಕೆ?

ಮಳೆಗಾಲ ಪೂರ್ತಿ ಮೂಲೆಯಲ್ಲಿ ನಿಂತಿದ್ದ ಬೈಕನ್ನು ಹೊರಗೆ ತಳ್ಳಲು ಹೋದರೆ ಕದಲುವುದೇ ಇಲ್ಲ. ಗೇರ್ ನ್ಯೂಟ್ರಲ್‌ನಲ್ಲಿದೆ, ಟೈರಿನಲ್ಲಿ ಗಾಳಿ ಇದೆ, ಆದರೂ ಚಕ್ರ ತಿರುಗುತ್ತಿಲ್ಲ. ಇಲ್ಲವೇ ದಿನಾ ಓಡಿಸುವ ಬೈಕೇ ಇದ್ದಕ್ಕಿದ್ದಂತೆ ಮೈಲೇಜ್ ಕಡಿಮೆ ಕೊಡುತ್ತದೆ. ನಾಲ್ಕೈದು ಕಿಲೋಮೀಟರ್ ಹೋಗಿ ನಿಲ್ಲಿಸಿದರೆ ಚಕ್ರದ ಹತ್ತಿರ ಸುಟ್ಟ ವಾಸನೆ. ಎರಡಕ್ಕೂ ಕಾರಣ ಒಂದೇ: ಬ್ರೇಕ್ ಹಿಡಿದುಕೊಂಡಿದೆ, ಬಿಡುತ್ತಿಲ್ಲ.

ಇದನ್ನು ಮನೆಯಲ್ಲೇ ಸರಿಮಾಡಬಹುದು. ಆದರೆ ಹೆಚ್ಚಿನವರು ಶುರುವಿನಲ್ಲೇ ಎಡವುತ್ತಾರೆ. ಕ್ಯಾಲಿಪರ್, ಅಂದರೆ ಪ್ಯಾಡುಗಳಿಂದ ಡಿಸ್ಕನ್ನು ಹಿಡಿಯುವ ಭಾಗ, ಜಾಮ್ ಆಗಿದೆ ಅಂದ ಕೂಡಲೇ ಆಯಿಲ್ ಪೈಪ್ ಬಿಚ್ಚಿ, ಕ್ಯಾಲಿಪರನ್ನು ಕಳಚಿ, ನೆಲದ ಮೇಲಿಟ್ಟುಕೊಂಡು ಕೂರುತ್ತಾರೆ. ಆಮೇಲೆ ಪಿಸ್ಟನ್ ಹೊರಗೆ ಬರುವುದಿಲ್ಲ. ಹೊರಗೆ ತಳ್ಳುವ ಶಕ್ತಿ ಇದ್ದದ್ದು ಆ ಪೈಪಿನಲ್ಲಿ, ಅದನ್ನೇ ಬಿಚ್ಚಿ ಆಗಿದೆ. ಅಲ್ಲಿಂದ ಮುಂದೆ ಸುತ್ತಿಗೆ, ಇಕ್ಕಳ, ಸ್ಕ್ರೂಡ್ರೈವರ್. ಕೊನೆಗೆ ಹೊಸ ಕ್ಯಾಲಿಪರ್.

ಬ್ರೇಕ್ ಬಿಡುವುದು ಹೇಗೆ ಅಂತ ತಿಳಿದರೆ ಅದು ಹಿಡಿದುಕೊಳ್ಳುವುದು ಯಾಕೆ ಅನ್ನುವುದೂ ತಿಳಿಯುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಪಿಸ್ಟನ್ನನ್ನು ವಾಪಸ್ ಎಳೆಯಲು ಸ್ಪ್ರಿಂಗ್ ಇಲ್ಲ. ಲಿವರ್ ಒತ್ತಿದಾಗ ಆಯಿಲ್ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಲಿವರ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆ ತರುವುದು ಅದರ ಸುತ್ತ ಕೂತಿರುವ ಒಂದು ದಪ್ಪ ರಬ್ಬರ್ ಸೀಲ್. ನಿಮ್ಮ ಎಡಗೈ ಹಿಂಭಾಗದ ಚರ್ಮದ ಮೇಲೆ ಬಲಗೈ ಬೆರಳಿಟ್ಟು ಸ್ವಲ್ಪ ಮುಂದಕ್ಕೆ ತಳ್ಳಿ ನೋಡಿ. ಬೆರಳು ಜಾರುವುದಿಲ್ಲ, ಚರ್ಮವೇ ಜೊತೆಗೆ ಬರುತ್ತದೆ. ಒತ್ತಡ ಬಿಟ್ಟರೆ ಚರ್ಮ ಬೆರಳನ್ನು ಎಳೆದುಕೊಂಡು ಹಿಂದಕ್ಕೆ ಹೋಗುತ್ತದೆ. ಸೀಲ್ ಮಾಡುವುದೂ ಅಷ್ಟೇ ಕೆಲಸ. ಪಿಸ್ಟನ್ ಹಿಂದೆ ಸರಿಯುವುದು ಒಂದು ಮಿಲಿಮೀಟರಿನ ಸಣ್ಣ ಪಾಲು ಮಾತ್ರ. ಪ್ಯಾಡ್ ಬಿಡಿಸಿಕೊಳ್ಳಲು ಅಷ್ಟು ಸಾಕು.

ಅಂದರೆ ಹೊರಗೆ ತಳ್ಳುವ ಶಕ್ತಿ ಭಾರಿ, ಒಳಗೆ ಎಳೆಯುವ ಶಕ್ತಿ ತೀರಾ ಸಣ್ಣದು. ಸ್ವಲ್ಪ ಕೊಳೆ, ಸ್ವಲ್ಪ ತುಕ್ಕು ಅಡ್ಡ ಬಂದರೂ ಸೀಲ್ ಸೋಲುತ್ತದೆ. ಅದಕ್ಕೇ ಕೆಟ್ಟ ಕ್ಯಾಲಿಪರ್ ಇರುವ ಬೈಕಿನಲ್ಲಿ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ, ಬಿಡುವುದಷ್ಟೇ ಕಷ್ಟ.

ಈ ತುಕ್ಕು ಎರಡು ಕಡೆಯಿಂದ ಬರುತ್ತದೆ. ಹೊರಗಿನಿಂದ ಬರುವುದು ಮಳೆ ನೀರು, ಕೆಸರು ಮತ್ತು ಪ್ರೆಷರ್ ವಾಷ್‌ನ ನೀರು. ಕಾರವಾರದಿಂದ ಉಳ್ಳಾಲದವರೆಗೆ ಕರಾವಳಿಯಲ್ಲಿ ಇದಕ್ಕೆ ಉಪ್ಪು ಗಾಳಿಯೂ ಸೇರುತ್ತದೆ. ಕ್ಯಾಲಿಪರಿನ ಮೈ ಅಲ್ಯೂಮಿನಿಯಂ, ಅದರೊಳಗಿನ ಪಿನ್ನು, ಬೋಲ್ಟು ಉಕ್ಕು. ಎರಡರ ಮಧ್ಯೆ ಉಪ್ಪು ನೀರು ನಿಂತರೆ ಅಲ್ಯೂಮಿನಿಯಂ ಕರಗುತ್ತಾ ಬಿಳಿ ಪುಡಿಯಾಗುತ್ತದೆ. ಆ ಪುಡಿ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಉಬ್ಬಿ, ಗಟ್ಟಿಯಾಗಿ, ಪಿನ್ನನ್ನು ಕಚ್ಚಿ ಹಿಡಿಯುತ್ತದೆ.

ಒಳಗಿನಿಂದ ಬರುವ ನೀರು ಬ್ರೇಕ್ ಆಯಿಲಿನದ್ದು. ನಾವು ಆಯಿಲ್ ಅನ್ನುತ್ತೇವೆ, ಆದರೆ ಡಾಟ್ 3, ಡಾಟ್ 4 ಎಣ್ಣೆಯಲ್ಲ. ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ದ್ರವ ಅದು. ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತ ಬಹುಪಾಲು ಕಂಪನಿಗಳು ಹೇಳುವುದು ಇದಕ್ಕೇ. ಬದಲಿಸದೆ ಐದಾರು ವರ್ಷ ಬಿಟ್ಟರೆ ಆ ನೀರು ಒಳಗಿಂದಲೇ ಲೋಹವನ್ನು ತಿನ್ನಲು ಶುರುಮಾಡುತ್ತದೆ.

ಸಿಕ್ಕಿಕೊಂಡಿರುವುದು ಎಲ್ಲಿ?

ಸ್ಪ್ಯಾನರ್ ಹಿಡಿಯುವ ಮೊದಲು ಇದಕ್ಕೆ ಉತ್ತರ ಬೇಕು. ಕ್ಯಾಲಿಪರ್ ಸರಿಯಾಗಿಯೇ ಇದ್ದು, ಮೇಲೆ ಹ್ಯಾಂಡಲಿನಲ್ಲಿ, ಲಿವರ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಒತ್ತಡ ಬಿಡದಿರುವುದೂ ಉಂಟು.

ಪರೀಕ್ಷೆ ಸುಲಭ. ಚಕ್ರ ಬಿಗಿಯಾಗಿ ಹಿಡಿದುಕೊಂಡಿರುವಾಗ ಕ್ಯಾಲಿಪರಿನ ಬ್ಲೀಡ್ ನಿಪ್ಪಲಿಗೆ (ಆಯಿಲ್, ಗಾಳಿ ಹೊರಬಿಡಲು ಇರುವ ಸಣ್ಣ ಟೊಳ್ಳು ತಿರುಪು) ಸಣ್ಣ ಪೈಪ್ ಹಾಕಿ, ಅದರ ತುದಿಯನ್ನು ಬಾಟಲಿಗೆ ಬಿಟ್ಟು, ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿ. ಕನ್ನಡಕ ಹಾಕಿಕೊಂಡೇ ಮಾಡಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ತೊಂದರೆ ಇರುವುದು ಮೇಲೆ. ಸಿಕ್ಕಿಕೊಂಡಿರುವುದು ಒತ್ತಡ, ಪಿಸ್ಟನ್ ಅಲ್ಲ. ಎರಡು ತೊಟ್ಟು ಬಂದು ನಿಂತು, ಚಕ್ರ ಹಾಗೇ ಬಿಗಿಯಾಗಿದ್ದರೆ ಪಿಸ್ಟನ್ ಅಥವಾ ಪಿನ್ ಜಾಮ್ ಆಗಿದೆ.

ಮೇಲಿನದ್ದಾದರೆ ಮೊದಲು ಲಿವರ್ ನೋಡಿ. ಲಿವರಿಗೆ ಸ್ವಲ್ಪ ಆಟ ಇರಲೇಬೇಕು. ಬೇರೆ ಅಂಗಡಿಯ ಸ್ಟೈಲ್ ಲಿವರ್ ಹಾಕಿಸಿದ ಬೈಕುಗಳಲ್ಲಿ ಅದು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ಸದಾ ಒಂದು ಚೂರು ಒತ್ತಿಕೊಂಡೇ ಇರುವುದನ್ನು ಕಾಣಬಹುದು. ಅದು ಸರಿ ಇದ್ದರೆ ಆಯಿಲ್ ಡಬ್ಬಿಯ ತಳ ನೋಡಿ. ಅಲ್ಲಿ ಎರಡು ತೂತು ಇರುತ್ತವೆ. ಒಂದು ಕಣ್ಣಿಗೆ ಕಾಣುವಷ್ಟು ದೊಡ್ಡದು, ಇನ್ನೊಂದು ಸೂಜಿ ಮೊನೆಯಷ್ಟು. ಲಿವರ್ ಬಿಟ್ಟಾಗ ಆಯಿಲ್ ಡಬ್ಬಿಗೆ ವಾಪಸ್ ಬರುವುದು ಆ ಸಣ್ಣ ತೂತಿನಿಂದ. ಹಳೆ ಆಯಿಲಿನ ಗಸಿ ಅದನ್ನು ಮುಚ್ಚಿದರೆ ಒತ್ತಡಕ್ಕೆ ದಾರಿಯೇ ಇಲ್ಲ. ಕರೆಂಟ್ ವೈರಿನ ಒಂದೇ ಎಳೆ ತಾಮ್ರದ ತಂತಿಯಿಂದ ಮೆಲ್ಲಗೆ ಚುಚ್ಚಿ, ಹಳೆ ಆಯಿಲ್ ಬದಲಿಸಿದರೆ ಎಷ್ಟೋ ಬೈಕುಗಳ ಕಾಯಿಲೆ ಅಲ್ಲಿಗೇ ಮುಗಿಯುತ್ತದೆ. ಕ್ಯಾಲಿಪರ್ ಬಿಚ್ಚುವ ಕೆಲಸವೇ ಇರುವುದಿಲ್ಲ. ಸಿಲಿಂಡರ್ ಬದಿಯಲ್ಲಿ ಪೈಪನ್ನು ಹಿಡಿದಿರುವ ಬ್ಯಾಂಜೋ ಬೋಲ್ಟ್ ಸಡಿಲಿಸಿದರೂ ಚಕ್ರ ಬಿಡದೆ, ಕೆಳಗಿನ ನಿಪ್ಪಲ್ ಸಡಿಲಿಸಿದಾಗ ಮಾತ್ರ ಬಿಟ್ಟರೆ ಪೈಪಿನ ಒಳಗೋಡೆ ಊದಿ ದಾರಿ ಮುಚ್ಚಿದೆ ಅಂತ ಅರ್ಥ. ಪೈಪ್ ಬದಲಿಸುವುದೊಂದೇ ದಾರಿ.

ಕೆಳಗಿನದ್ದಾದರೆ ಪ್ಯಾಡುಗಳು ಕಥೆ ಹೇಳುತ್ತವೆ. ಒಂದು ಪ್ಯಾಡ್ ತೀರಾ ಸವೆದು ಇನ್ನೊಂದು ದಪ್ಪಗಿದ್ದರೆ, ಅಥವಾ ಪ್ಯಾಡ್ ಒಂದು ತುದಿಯಲ್ಲಿ ಮಾತ್ರ ಓರೆಯಾಗಿ ಸವೆದಿದ್ದರೆ, ನಾನು ಮೊದಲು ಅನುಮಾನ ಪಡುವುದು ಸ್ಲೈಡ್ ಪಿನ್ನುಗಳನ್ನು. ನಮ್ಮ ಸಾಮಾನ್ಯ ಬೈಕುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಂದೇ ಬದಿಗೆ. ಪಿಸ್ಟನ್ ಒಂದು ಪ್ಯಾಡನ್ನು ತಳ್ಳಿದಾಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಇನ್ನೊಂದು ಪ್ಯಾಡನ್ನು ಎಳೆದು ತರುತ್ತದೆ. ಪಿನ್ನಿನ ಗ್ರೀಸ್ ಒಣಗಿದರೆ ಆ ಜಾರುವಿಕೆ ನಿಲ್ಲುತ್ತದೆ. ಕ್ಯಾಲಿಪರ್ ಕಳಚಿದ ಮೇಲೆ ಪಿನ್ನುಗಳ ಮೇಲೆ ಜಾರುವ ಬ್ರಾಕೆಟ್ಟನ್ನು ಕೈಯಲ್ಲಿ ಹಿಡಿದು ಆಡಿಸಿ ನೋಡಿ. ಎರಡು ಬೆರಳ ಬಲಕ್ಕೆ ಜಾರದಿದ್ದರೆ ಕಳ್ಳ ಸಿಕ್ಕ ಹಾಗೇ.

ಲಿವರಿನ ಬಲ

ಈಗ ಮೊದಲು ಹೇಳಿದ ಪೈಪಿನ ವಿಷಯ. ಒಂದು ಸಣ್ಣ ಲೆಕ್ಕ ಮಾಡೋಣ. ಲಿವರನ್ನು 10 ಕಿಲೋ ಬಲದಿಂದ ಎಳೆದಿರಿ ಅಂದುಕೊಳ್ಳಿ. ಲಿವರಿನ ಉದ್ದ ಅದನ್ನು ಐದಾರು ಪಟ್ಟು ಮಾಡುತ್ತದೆ, ಅಂದರೆ ಸುಮಾರು 55 ಕಿಲೋ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಅಡ್ಡಗಲ 12.7 ಮಿ.ಮೀ. ಇದ್ದರೆ ಆಯಿಲಿನ ಒತ್ತಡ ಚದರ ಸೆಂಟಿಮೀಟರಿಗೆ 43 ಕಿಲೋ ಆಗುತ್ತದೆ. ಕ್ಯಾಲಿಪರಿನ ಪಿಸ್ಟನ್ 32 ಮಿ.ಮೀ. ಇದ್ದರೆ ಅದರ ಬೆನ್ನಿಗೆ ಬೀಳುವ ಬಲ ಸುಮಾರು 350 ಕಿಲೋ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ 100 ಪಿಎಸ್‌ಐ ಗಾಳಿ ಅದೇ ಪಿಸ್ಟನ್ನಿನ ಮೇಲೆ ಹಾಕುವ ಬಲ 60 ಕಿಲೋ ಕೂಡ ಇಲ್ಲ.

ಬಲ ಕಡಿಮೆ ಅನ್ನುವುದೊಂದೇ ಅಲ್ಲ, ಗಾಳಿ ಅಪಾಯ ಕೂಡ. ಒತ್ತಿ ತುಂಬಿದ ಗಾಳಿ ಪಿಸ್ಟನ್ ಬಿಟ್ಟ ಕ್ಷಣ ಹಿಗ್ಗಿ ಅದನ್ನು ಗುಂಡಿನ ಹಾಗೆ ಎಸೆಯುತ್ತದೆ. ಎದುರಿಗೆ ಬೆರಳಿದ್ದರೆ ಮೂಳೆ ಮುರಿಯುತ್ತದೆ. ಆಯಿಲ್ ಹಾಗಲ್ಲ. ಪಿಸ್ಟನ್ ಒಂದು ಚೂರು ಸರಿದರೆ ಒತ್ತಡ ಇಳಿದುಹೋಗುತ್ತದೆ.

ಹಾಗಾಗಿ ಪೈಪ್ ಇರುವಂತೆಯೇ ಕ್ಯಾಲಿಪರನ್ನು ಫೋರ್ಕಿನಿಂದ ಕಳಚಿ, ಪ್ಯಾಡ್ ತೆಗೆದು, ಲಿವರ್ ಒತ್ತುತ್ತಾ ಪಿಸ್ಟನ್ನನ್ನು ಹೊರಗೆ ತನ್ನಿ. ಕೆಳಗೆ ಒಂದು ತಟ್ಟೆ ಇರಲಿ. ಡಬ್ಬಿಯಲ್ಲಿ ಆಯಿಲ್ ಖಾಲಿಯಾಗದಂತೆ ಹಾಕುತ್ತಿರಿ. ಎರಡು ಪಿಸ್ಟನ್ ಇರುವ ಕ್ಯಾಲಿಪರಿನಲ್ಲಿ ಸಡಿಲ ಇರುವುದು ಬೇಗ ಹೊರಗೆ ಬರುತ್ತದೆ, ಜಾಮ್ ಆದದ್ದು ಕೂತೇ ಇರುತ್ತದೆ. ಬರುವುದನ್ನು ಮರದ ತುಂಡು ಇಟ್ಟು ಸಿ ಕ್ಲ್ಯಾಂಪಿನಿಂದ ಹಿಡಿದುಕೊಳ್ಳಿ. ಆಗ ಅಷ್ಟೂ ಒತ್ತಡ ಹಠ ಮಾಡುವುದರ ಮೇಲೆ ಬೀಳುತ್ತದೆ. ಒಂದು ಪಿಸ್ಟನ್ ಪೂರ್ತಿ ಆಚೆ ಬಿತ್ತೋ, ಆಯಿಲ್ ಎಲ್ಲ ಆ ತೂತಿನಿಂದ ಹೋಗುತ್ತದೆ, ಇನ್ನೊಂದನ್ನು ತಳ್ಳಲು ಏನೂ ಉಳಿಯುವುದಿಲ್ಲ.

ಒಂದೇ ಸಲಕ್ಕೆ ಬರದಿದ್ದರೆ ಸುಮ್ನೆ ಜೋರು ಮಾಡಬೇಡಿ. ಸ್ವಲ್ಪ ಹೊರಗೆ, ಸ್ವಲ್ಪ ಒಳಗೆ, ಮತ್ತೆ ಹೊರಗೆ. ಹೊರಗೆ ಕಾಣುವ ಭಾಗವನ್ನು ಒಳಗೆ ತಳ್ಳುವ ಮುಂಚೆ ಹಳೆ ಹಲ್ಲುಜ್ಜುವ ಬ್ರಷ್ಷು ಮತ್ತು ಬ್ರೇಕ್ ಆಯಿಲಿನಿಂದ ತಿಕ್ಕಿ. ಕೊಳೆಯ ಸಮೇತ ಒಳಗೆ ತಳ್ಳಿದರೆ ಸೀಲನ್ನು ಕೈಯಾರೆ ಹರಿದಂತೆ.

ಪೈಪ್ ಆಗಲೇ ಬಿಚ್ಚಿ ಆಗಿದ್ದರೆ? ಮತ್ತೆ ಜೋಡಿಸಿ, ಪೈಪಿನೊಳಗಿನ ಏರ್ ತೆಗೆದು, ಲಿವರ್ ಒತ್ತುವುದೇ ಒಳ್ಳೆಯದು. ಅದು ಆಗದಿದ್ದರೆ ಗ್ರೀಸ್ ಗನ್. ಬ್ಯಾಂಜೋ ಬೋಲ್ಟ್ ಇದ್ದ ತೂತಿಗೆ ಅದೇ ಥ್ರೆಡ್ಡಿನ ಗ್ರೀಸ್ ನಿಪ್ಪಲ್ ಕೂರಿಸಿ, ಬ್ಲೀಡ್ ನಿಪ್ಪಲ್ ಮುಚ್ಚಿ, ಗ್ರೀಸ್ ತುಂಬುತ್ತಾ ಹೋದರೆ ಎಂಥಾ ಪಿಸ್ಟನ್ನೂ ಮೆಲ್ಲಗೆ ಜರುಗುತ್ತದೆ. ಆಮೇಲೆ ಒಳಗಿನ ಗ್ರೀಸನ್ನು ಒಂದು ಚುಕ್ಕೆಯೂ ಉಳಿಯದ ಹಾಗೆ ತೊಳೆಯುವುದು ಅರ್ಧ ದಿನದ ಕೆಲಸ. ಹಳೆ ಸೀಲುಗಳನ್ನು ಎಸೆಯಲೇಬೇಕು. ಇಕ್ಕಳದಿಂದ ಪಿಸ್ಟನ್ನಿನ ಹೊರಮೈ ಹಿಡಿದು ಎಳೆಯುವುದನ್ನು ಮಾತ್ರ ಮಾಡಬೇಡಿ. ಅಲ್ಲಿ ಬಿದ್ದ ಒಂದು ಗೀರು ಸಾಕು, ಸೋರಿಕೆ ಶುರುವಾಗುತ್ತದೆ.

ಪಿನ್ನು, ಬೋಲ್ಟು, ನಿಪ್ಪಲ್

ಪ್ಯಾಡುಗಳನ್ನು ಹಿಡಿದಿರುವ ಪಿನ್ ಹೆಚ್ಚಾಗಿ ಅಲೆನ್ ಕೀ ತಲೆಯದ್ದು. ಇದನ್ನು ಕ್ಯಾಲಿಪರ್ ಬೈಕಿನಲ್ಲಿ ಬಿಗಿಯಾಗಿ ಕೂತಿರುವಾಗಲೇ ಸಡಿಲಿಸಬೇಕು. ಕಳಚಿ ಕೈಯಲ್ಲಿ ಹಿಡಿದರೆ ಬಲ ಹಾಕಲು ಆಧಾರವೇ ಇರುವುದಿಲ್ಲ. ಮೊದಲು ತಲೆಯ ಗುಂಡಿಯಲ್ಲಿ ತುಂಬಿರುವ ಮಣ್ಣನ್ನು ಸೂಜಿಯಿಂದ ಕೆದಕಿ ತೆಗೆಯಿರಿ. ಅಲೆನ್ ಕೀ ತಳದವರೆಗೆ ಇಳಿಯದಿದ್ದರೆ ಗುಂಡಿಯ ಮೂಲೆಗಳು ಸವೆದು ಉರುಟಾಗುತ್ತವೆ. ಕೀಯನ್ನು ಸುತ್ತಿಗೆಯಿಂದ ಹಗುರವಾಗಿ ಬಡಿದು ಕೂರಿಸಿ. ಆ ಬಡಿತಕ್ಕೇ ತುಕ್ಕು ಬಿರುಕು ಬಿಡುವುದೂ ಉಂಟು.

ಜಗ್ಗದಿದ್ದರೆ ಬಿಸಿ ಮಾಡಿ. ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 10 ಮಿ.ಮೀ. ಪಿನ್ ಇರುವ ಕಡೆ 100 ಡಿಗ್ರಿ ಬಿಸಿ ಏರಿದರೆ ತೂತು ಪಿನ್ನಿಗಿಂತ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲು ಹೆಚ್ಚು ಅಗಲವಾಗುತ್ತದೆ. ಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಆದರೂ ತುಕ್ಕಿನ ಹಿಡಿತ ಒಡೆಯಲು ಮತ್ತು ತುಕ್ಕು ಬಿಡಿಸುವ ಸ್ಪ್ರೇ ಒಳಗೆ ಇಳಿಯಲು ಅಷ್ಟು ಬಿರುಕು ಸಾಕು. ಹೀಟ್ ಗನ್ ಇದ್ದರೆ ಒಳ್ಳೆಯದು. ಕಳಚಿದ ಭಾಗಕ್ಕೆ ಕುದಿಯುವ ನೀರೂ ಆಗುತ್ತದೆ. ಬ್ರೇಕ್ ಕ್ಲೀನರ್ ಅಥವಾ ಸ್ಪ್ರೇ ಹೊಡೆದ ಜಾಗಕ್ಕೆ ಬೆಂಕಿ ಹಿಡಿಯಬೇಡಿ. ಹೊತ್ತಿಕೊಳ್ಳುತ್ತದೆ, ಕೆಲವು ಕ್ಲೀನರುಗಳ ಹೊಗೆ ವಿಷ ಕೂಡ. ಬೆಂಕಿ ತೋರಿಸಿದ ಕ್ಯಾಲಿಪರಿನ ರಬ್ಬರ್ ಭಾಗಗಳನ್ನು ಮತ್ತೆ ಬಳಸುವ ಹಾಗಿಲ್ಲ.

ತಿರುಗಿಸುವಾಗ ಮೊದಲು ಒಂದು ಕೂದಲಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಸ್ವಲ್ಪ ಬಂದರೆ ಮತ್ತೆ ಹಿಂದಕ್ಕೆ. ಹೀಗೆ ಆಚೀಚೆ ಮಾಡುತ್ತಾ ಪುಡಿ ಉದುರಿಸಿಕೊಂಡು ಬರಬೇಕು. ಒಂದೇ ಎಳೆತಕ್ಕೆ ತೆಗೆಯಲು ಹೋದರೆ ಅಲ್ಯೂಮಿನಿಯಂ ಥ್ರೆಡ್ಡುಗಳೇ ಪಿನ್ನಿನ ಜೊತೆ ಕಿತ್ತು ಬರುತ್ತವೆ.

ಬ್ಲೀಡ್ ನಿಪ್ಪಲ್ ಇನ್ನೂ ನಾಜೂಕು. ಒಳಗೆ ಟೊಳ್ಳು, ಗೋಡೆ ತೆಳು. ಬಾಯಿ ತೆರೆದ ಓಪನ್ ಎಂಡ್ ಸ್ಪ್ಯಾನರ್ ಹಾಕಿದರೆ ಮೂಲೆಗಳು ಹೋಗುತ್ತವೆ, ಆಮೇಲೆ ತಲೆಯೇ ಮುರಿಯುತ್ತದೆ. ರಿಂಗ್ ಸ್ಪ್ಯಾನರ್ ಅಥವಾ ಆರು ಮೂಲೆಯ ಸಾಕೆಟ್ಟೇ ಬೇಕು. ಹಿಂದಿನ ರಾತ್ರಿ ಸ್ಪ್ರೇ ಹಾಕಿ ಬಿಡಿ. ಟೊಳ್ಳಿಗೆ ಸರಿಯಾಗಿ ಕೂರುವ ಡ್ರಿಲ್ ಬಿಟ್ಟಿನ ಹಿಂಭಾಗವನ್ನು ಒಳಗಿಟ್ಟು ತಿರುಗಿಸಿದರೆ ಗೋಡೆ ಮಡಚಿಕೊಳ್ಳುವುದಿಲ್ಲ. ಮುರಿದೇ ಹೋದರೆ ಲೇತ್ ಅಂಗಡಿಗೆ ಕೊಡಿ. ಮನೆಯಲ್ಲಿ ಕೊರೆಯಲು ಹೋಗಿ ನಿಪ್ಪಲ್ ಕೂರುವ ಜಾಗ ಹಾಳಾದರೆ ಕ್ಯಾಲಿಪರ್ ಹೋದಂತೆಯೇ.

ಈ ಸ್ಪ್ರೇ ಥ್ರೆಡ್ಡುಗಳಿಗೆ ಮಾತ್ರ. ಪಿಸ್ಟನ್ನಿಗೆ ಡಬ್ಲ್ಯೂಡಿ-40 ಹೊಡೆಯುವುದು, ಕ್ಯಾಲಿಪರನ್ನು ಪೆಟ್ರೋಲ್ ಅಥವಾ ಸೀಮೆಎಣ್ಣೆಯಲ್ಲಿ ಅದ್ದಿಡುವುದು ನಮ್ಮಲ್ಲಿ ಮಾಮೂಲಿ. ಬ್ರೇಕ್ ಸೀಲಿನ ರಬ್ಬರ್ ಬ್ರೇಕ್ ಆಯಿಲಿಗೆ ಹೊಂದುವಂಥದ್ದು, ಪೆಟ್ರೋಲಿಯಂ ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ. ಊದಿದ ಸೀಲ್ ಪಿಸ್ಟನ್ನನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಜಾಮ್ ಬಿಡಿಸಲು ಹಾಕಿದ್ದೇ ಜಾಮ್ ಮಾಡುತ್ತದೆ ಅಲ್ವಾ! ಅಲ್ಲಿಗೆ ಬೇಕಾದದ್ದು ಹೊಸ ಬ್ರೇಕ್ ಆಯಿಲ್ ಅಥವಾ ರಬ್ಬರ್ ಗ್ರೀಸ್. ಸ್ಲೈಡ್ ಪಿನ್ನಿಗೆ ಸಿಲಿಕಾನ್ ಗ್ರೀಸ್. ವೀಲ್ ಬೇರಿಂಗಿನ ಗ್ರೀಸ್ ಇದ್ಯಾವುದಕ್ಕೂ ಅಲ್ಲ.

ಪಿಸ್ಟನ್ ಹೊರಗೆ ಬಂದ ಮೇಲೆ

ಕೆಲವೊಮ್ಮೆ ಹೊರಗೆ ಬಂದ ಪಿಸ್ಟನ್ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ. ಹಾಗಾದರೆ ಹಿಡಿದುಕೊಂಡಿದ್ದು ಯಾಕೆ? ಉತ್ತರ ಸೀಲಿನ ಹಿಂದೆ ಇದೆ. ಹಲ್ಲುಕಡ್ಡಿಯಿಂದ ಆಯಿಲ್ ತಡೆಯುವುದು, ಧೂಳು ತಡೆಯುವುದು, ಎರಡೂ ಸೀಲುಗಳನ್ನು ಎಬ್ಬಿಸಿ ತೆಗೆಯಿರಿ. ಸ್ಕ್ರೂಡ್ರೈವರ್ ಬೇಡ, ಗೋಡೆ ಗೀರುತ್ತದೆ. ಈಗ ಸೀಲ್ ಕೂತಿದ್ದ ತೋಡಿಗೆ ಟಾರ್ಚ್ ಬಿಡಿ. ತಳದಲ್ಲಿ ಬೆಳ್ಳಗೆ, ಸುಣ್ಣದ ಹಾಗೆ ಗಟ್ಟಿಕಟ್ಟಿದ ಒಂದು ಪದರ ಕಾಣುತ್ತದೆ. ಅದೇ ಅಲ್ಯೂಮಿನಿಯಂ ತುಕ್ಕು. ಅದು ಹಿಂದಿನಿಂದ ಬೆಳೆಯುತ್ತಾ ಸೀಲನ್ನು ಒಳಕ್ಕೆ ನೂಕಿ ಪಿಸ್ಟನ್ನಿಗೆ ಅಮುಕಿದೆ.

ಹೊಸ ಸೀಲ್ ಕಿಟ್ ಹಾಕಿಸಿದ ಎರಡೇ ತಿಂಗಳಿಗೆ ಮತ್ತೆ ಬ್ರೇಕ್ ಹಿಡಿಯಿತು ಅನ್ನುವವರ ಕ್ಯಾಲಿಪರಿನಲ್ಲಿ ಬಹಳ ಸಲ ಈ ಪದರ ಹಾಗೇ ಉಳಿದಿರುತ್ತದೆ. ಸೀಲ್ ಬದಲಿಸಿದರು, ತೋಡು ಕೆರೆಯಲಿಲ್ಲ. ಹಲ್ಲಿನ ಡಾಕ್ಟರರ ಹತ್ತಿರ ಇರುವಂಥ ಬಾಗಿದ ಕಡ್ಡಿ ಆನ್‌ಲೈನಿನಲ್ಲಿ ಸಿಗುತ್ತದೆ. ಅದರಿಂದ ಸುತ್ತಲೂ ಮೆಲ್ಲಗೆ ಕೆರೆದು, ಹಿತ್ತಾಳೆ ಬ್ರಷ್ಷಿನಿಂದ ತಿಕ್ಕಿ. ಲೋಹ ಕೆರೆಯಬಾರದು, ಪದರ ಮಾತ್ರ ಹೋಗಬೇಕು. ಬೆರಳ ಉಗುರಿಗೆ ಒರಟು ತಾಗದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು ಒಣಗಿಸಿ. ಇಡೀ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಕೊಡುವುದು ಇಲ್ಲಿಗೇ.

ಪಿಸ್ಟನ್ನಿನ ಮೈಮೇಲೆ ಉಗುರು ಎಳೆದು ನೋಡಿ. ಸೀಲ್ ಓಡಾಡುವ ಜಾಗದಲ್ಲಿ ಗುಳಿ ಇದ್ದರೆ, ಮೇಲಿನ ಲೇಪ ಎದ್ದಿದ್ದರೆ ಹೊಸದು ಹಾಕಿ. ಎಮರಿ ಪೇಪರಿನಿಂದ ತಿಕ್ಕಿ ಹೊಳಪು ಬರಿಸಬಹುದು, ಆದರೆ ಗುಳಿ ಹೋಗುವುದಿಲ್ಲ, ಲೇಪ ಮಾತ್ರ ಹೋಗುತ್ತದೆ. ಸೀಲ್ ಕಿಟ್, ಪಿಸ್ಟನ್ ಎರಡೂ ಬಿಡಿಯಾಗಿ ಸಿಗುತ್ತವೆ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಹಳೆಯದನ್ನು ತೋರಿಸಿ ಕೇಳಬಹುದು. ಬ್ರೆಂಬೊ ಕಂಪನಿಯ ಬೈಬ್ರೆ ಹೆಸರಿನ ಕ್ಯಾಲಿಪರುಗಳು ನಮ್ಮ ತುಂಬಾ ಬೈಕುಗಳಲ್ಲಿವೆ. ಆದರೆ ಒಂದೇ ಹೆಸರಿನವಲ್ಲೂ ಪಿಸ್ಟನ್ ಅಳತೆ ಬೇರೆ ಬೇರೆ. ಬೈಕಿನ ಮಾಡೆಲ್, ವರ್ಷ ಹೇಳಿಯೇ ಕೊಳ್ಳಿ.

ಜೋಡಿಸುವಾಗ ಸೀಲಿಗೂ ಪಿಸ್ಟನ್ನಿಗೂ ಹೊಸ ಬ್ರೇಕ್ ಆಯಿಲ್ ಹಚ್ಚಿ, ಎರಡು ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಓರೆಯಾದರೆ ತೆಗೆದು ಮತ್ತೆ ಇಡಿ. ಹೆಬ್ಬೆರಳಿನ ಬಲಕ್ಕೆ ಒಳಗೆ ಹೋಗಲೇಬೇಕು, ಹೋಗದಿದ್ದರೆ ತೋಡಿನಲ್ಲಿ ಇನ್ನೂ ಪದರ ಉಳಿದಿದೆ. ಬ್ಯಾಂಜೋ ಬೋಲ್ಟಿನ ಎರಡು ವಾಷರುಗಳನ್ನು ಹೊಸದೇ ಹಾಕಿ. ಪೇಂಟಿನ ಮೇಲೆ ಬ್ರೇಕ್ ಆಯಿಲ್ ಬಿದ್ದರೆ ಬಟ್ಟೆಯಿಂದ ಒರೆಸುತ್ತಾ ಕೂರಬೇಡಿ, ಕೂಡಲೇ ನೀರು ಹಾಕಿ ತೊಳೆಯಿರಿ.

ಹಿಂದೆ ಡ್ರಮ್ ಬ್ರೇಕ್ ಇರುವವರ ಸಮಸ್ಯೆ ಬೇರೆ. ಅಲ್ಲಿ ಆಯಿಲ್ ಇಲ್ಲ, ಬ್ರೇಕ್ ಶೂಗಳನ್ನು ಅಗಲಿಸುವ ಕ್ಯಾಮ್ ಇದೆ. ಪೆಡಲ್ ಬಿಟ್ಟರೂ ಮೇಲೆ ಬರದಿದ್ದರೆ, ಡ್ರಮ್ಮಿನ ಹೊರಗಿನ ಆರ್ಮಿನಿಂದ ರಾಡನ್ನು ಬಿಡಿಸಿ ಆರ್ಮನ್ನು ಕೈಯಲ್ಲಿ ಆಡಿಸಿ. ಆರ್ಮ್ ಸಲೀಸಾಗಿ ಆಡಿದರೆ ಪೆಡಲಿನ ಪಿವಟ್ ಒಣಗಿದೆ. ಆರ್ಮೇ ಬಿಗಿ ಇದ್ದರೆ ಕ್ಯಾಮ್. ಚಕ್ರ ತೆಗೆದು, ಶೂಗಳನ್ನು ಪುಸ್ತಕದ ಹಾಗೆ ಮಡಚಿ ಎತ್ತಿ, ಆರ್ಮ್ ಕಳಚುವ ಮೊದಲು ಆರ್ಮಿಗೂ ಕ್ಯಾಮಿಗೂ ಸೇರಿಸಿ ಒಂದು ಗುರುತು ಹಾಕಿ. ಒಂದು ಹಲ್ಲು ತಪ್ಪಿ ಕೂತರೂ ಪೆಡಲ್ ಲೆಕ್ಕ ಕೆಡುತ್ತದೆ. ಸ್ಪ್ರೇ, ಬಿಸಿ, ಮೇಲೆ ಮರದ ತುಂಡಿಟ್ಟು ಬಡಿತ, ಅಷ್ಟಕ್ಕೆ ಕ್ಯಾಮ್ ಬರುತ್ತದೆ. ತುಕ್ಕು ತಿಕ್ಕಿ ತೆಗೆದು, ಹೆಚ್ಚು ಬಿಸಿ ತಡೆಯುವ ಗ್ರೀಸನ್ನು ತೆಳ್ಳಗೆ ಸವರಿ. ಜಾಸ್ತಿ ಹಾಕಿದರೆ ಕರಗಿ ಶೂಗೆ ಇಳಿಯುತ್ತದೆ. ಡ್ರಮ್ಮಿನ ಕಪ್ಪು ಧೂಳನ್ನು ಬಾಯಿಂದಾಗಲಿ ಗಾಳಿಯಿಂದಾಗಲಿ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಹಳೆಯ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು.

2019ರ ಏಪ್ರಿಲ್ 1ರಿಂದ ನಮ್ಮಲ್ಲಿ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಅಂಥ ಬೈಕಿನಲ್ಲೂ ಕ್ಯಾಲಿಪರ್ ಕೆಲಸ ಇದೇ ರೀತಿ. ಡಬ್ಬಿಯಲ್ಲಿ ಆಯಿಲ್ ಖಾಲಿಯಾಗಿ ಎಬಿಎಸ್ ಪೆಟ್ಟಿಗೆಯೊಳಗೆ ಗಾಳಿ ಹೊಕ್ಕರೆ ಮಾತ್ರ ಕೆಲವು ಮಾಡೆಲುಗಳಿಗೆ ಕಂಪನಿಯ ಸ್ಕ್ಯಾನರ್ ಬೇಕಾಗುತ್ತದೆ. ಅದಕ್ಕೇ ಏರ್ ತೆಗೆಯುವಾಗ ಡಬ್ಬಿಯ ಮೇಲೆ ಒಂದು ಕಣ್ಣಿರಲಿ.

ಎಲ್ಲ ಜೋಡಿಸಿ ಏರ್ ತೆಗೆದ ಮೇಲೆ ನಿಂತಲ್ಲೇ ಲಿವರ್ ಗಟ್ಟಿಯಾಗುವವರೆಗೆ ಒತ್ತಿ. ಹಿಂದಕ್ಕೆ ತಳ್ಳಿದ ಪಿಸ್ಟನ್ ಪ್ಯಾಡಿನವರೆಗೆ ಬಂದಿರುವುದಿಲ್ಲ, ಹಾಗೇ ಹೊರಟರೆ ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ. ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ಹಿಡಿದು ಬಿಟ್ಟು ಮತ್ತೆ ತಿರುಗಿಸಿ. ಪ್ಯಾಡ್ ಸಣ್ಣಗೆ ಸವರಿದ ಸದ್ದು ಬಂದರೆ ಪರವಾಗಿಲ್ಲ. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಒಂದೆರಡು ಕಿಲೋಮೀಟರ್ ಹೋಗಿ, ಕೊನೆಯಲ್ಲಿ ಆದಷ್ಟು ಬ್ರೇಕ್ ಹಿಡಿಯದೆ ನಿಲ್ಲಿಸಿ, ಡಿಸ್ಕಿನ ಮೇಲೆ ಎರಡು ಹನಿ ನೀರು ಹಾಕಿ. ಚುರ್ ಅಂದರೆ ಇನ್ನೂ ಹಿಡಿಯುತ್ತಿದೆ, ಮತ್ತೆ ಬಿಚ್ಚಬೇಕು. ಸುಮ್ಮನೆ ಇಳಿದು ಹೋದರೆ ಮಾರನೇ ದಿನ ಬೆಳಿಗ್ಗೆ ಡಬ್ಬಿಯ ಮಟ್ಟವನ್ನೂ ನಿಪ್ಪಲಿನ ಸುತ್ತ ತೇವ ಇದೆಯಾ ಅನ್ನುವುದನ್ನೂ ಒಮ್ಮೆ ನೋಡಿಬಿಡಿ.